ಇಸ್ತ್ರಿಗೆ ಕೊಟ್ಟ ಬಟ್ಟೆ

ಅಧ್ಯಕ್ಷರು ಸ್ಟೂಲಿನ ಮೇಲೆ ನಿಂತು ಬ್ಯಾನರಿನ ಎಡತುದಿಯನ್ನು ಕಿಟಕಿಯ ಸರಳಿಗೆ ಬಿಗಿಯುತ್ತಿದ್ದರು. ಬಲತುದಿ ಹಿಡಿಯುವುದಕ್ಕೆ ಬೇರೆ ಯಾರೂ ಸಿಗದೆ, ಶವಪೆಟ್ಟಿಗೆಯ ಪಕ್ಕ ಕೂತಿದ್ದ ಸತ್ತವಳ ಅಳಿಯನನ್ನೇ ಎಬ್ಬಿಸಿ ಅವನ ಕೈಗೆ ಕೊಟ್ಟಿದ್ದರು.

“ಸ್ವಲ್ಪ ಮೇಲೆ... ಇನ್ನೂ ಸ್ವಲ್ಪ... ಹಾಂ, ಅಷ್ಟೇ. ಹೆಸರಿನ ಮೇಲೆ ಮಡಿಕೆ ಬೀಳ್ಬಾರ್ದು ನೋಡಿ.”

ಅವರು ಕಾಳಜಿ ಮಾಡುತ್ತಿದ್ದ ಹೆಸರು ತೀರಿಕೊಂಡವಳದ್ದಲ್ಲ, ತಮ್ಮದೇ. ಬ್ಯಾನರಿನ ನೆತ್ತಿಯಲ್ಲಿ ‘ಅಗಲಿದ ಪೊಲೀಸರ ಕುಟುಂಬ ನೆರವು ಸಂಘ’ ಎಂದಿತ್ತು. ಅದರ ಕೆಳಗೆ ಎದೆಯ ಮೇಲೆ ಕೈಯಿಟ್ಟು ನಿಂತ ಅಧ್ಯಕ್ಷರ ದೊಡ್ಡ ಚಿತ್ರ. ಮೂಲೆಯಲ್ಲಿ ಅಂಗೈಯಗಲದ ಜಾಗ ಸತ್ತವರಿಗೆ ಮೀಸಲು. ಪ್ರತಿ ಸಾವಿಗೂ ಹೊಸ ಬ್ಯಾನರು ಮಾಡಿಸುವಷ್ಟು ದುಂದುಗಾರರಲ್ಲ ಅವರು. ಹಳೆಯ ಮುಖದ ಮೇಲೆ ಹೊಸ ಮುಖ ಅಂಟಿಸುತ್ತಿದ್ದರು. ಈ ಸಲ ಅವಸರದಲ್ಲಿ ಅಂಟಿಸಿದ್ದರಿಂದ ಮುದುಕಿಯ ಕೆನ್ನೆಯ ಪಕ್ಕದಲ್ಲಿ ಹಿಂದಿನ ಸಾವಿನವನ ಕಿವಿಯೊಂದು ಇಣುಕುತ್ತಿತ್ತು.

ಮುದುಕಿಯನ್ನು ಎಲ್ಲರೂ ಕರೆಯುತ್ತಿದ್ದದ್ದು ಇಸ್ತ್ರಿಯಕ್ಕ ಎಂದು. ಹಾಗಂತ ಅವಳು ಜೀವಮಾನದಲ್ಲಿ ಒಬ್ಬರ ಬಟ್ಟೆಯನ್ನೂ ಇಸ್ತ್ರಿ ಮಾಡಿದವಳಲ್ಲ. ಸಂಘದ ಸ್ವಯಂಸೇವಕಿಯಾಗಿ ಮೂವತ್ತು ವರ್ಷ ಸಾವಿನ ಮನೆಗಳನ್ನು ಹತ್ತಿ ಇಳಿದವಳು. ನಿನ್ನೆ ಬೆಳಿಗ್ಗೆ, ಅರವತ್ತೊಂಬತ್ತನೆಯ ವಯಸ್ಸಿನಲ್ಲಿ, ಚಪ್ಪಲಿ ಮೆಟ್ಟಿಕೊಳ್ಳುವಾಗ ಹಾಗೇ ಕುಸಿದು ಹೋಗಿದ್ದಳು. ಅಧ್ಯಕ್ಷರಿಗೆ ಅವಳು ಇಟ್ಟಿದ್ದ ಹೆಸರು ‘ಹೂಚಕ್ರ’. ಎಲ್ಲಿ ಹೆಣ ಬಿದ್ದರೂ ಹೂವಿನ ಚಕ್ರ ಹಿಡಿದು ಹಾಜರಾಗುವವರು, ಹೂವು ಬಾಡಿದ ಮೇಲೆ ಒಳಗಿನ ತಂತಿಯ ಬಳೆಯನ್ನು ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಹೋಗುವವರು ಎಂದು ಆ ಹೆಸರು. ಅದು ಅವರ ಕಿವಿಗೂ ಬಿದ್ದಿತ್ತು. ಇನ್ನು ಮೇಲೆ ಇವಳು ತಿರುಗಿ ಏನೂ ಅನ್ನಲಾರಳು ಎಂಬ ನೆಮ್ಮದಿ ಇವತ್ತು ಅವರ ಮುಖದಲ್ಲಿ ಎದ್ದು ಕಾಣುತ್ತಿತ್ತು.

ಅಧ್ಯಕ್ಷರದು ನಲ್ಲಿ, ಬೇಸಿನ್ನು ಮಾರುವ ಅಂಗಡಿ. ಪೊಲೀಸರಿಗೂ ಅವರಿಗೂ ಇದ್ದ ನಂಟು ಅಂದರೆ ನಾಲ್ಕು ಠಾಣೆಗಳ ಬಚ್ಚಲಿಗೆ ನಲ್ಲಿ ಹಾಕಿಸಿಕೊಟ್ಟದ್ದು. ಅದರಲ್ಲಿ ಮೂರು ಸೋರುತ್ತಿದ್ದವು.

ಕಹಳೆ ಮಾಮ ಬಂದು ಇಸ್ತ್ರಿಯಕ್ಕನ ಮಗಳ ಪಕ್ಕದ ಕುರ್ಚಿಯಲ್ಲಿ ಕೂತ. ನಿವೃತ್ತ ಪೊಲೀಸ್, ಸತ್ತ ಪೊಲೀಸರಿಗೆ ಕೊನೆಯ ಕಹಳೆ ಊದುವುದೇ ಅವನ ನೌಕರಿಯಾಗಿತ್ತು. ಈಗ ಮುಂದಿನ ಹಲ್ಲುಗಳೆಲ್ಲ ಹೋಗಿದ್ದವು.

“ನಿಮ್ಮಮ್ಮನಿಗೆ ಊದೋಣ ಅಂತ ಬೆಳಿಗ್ಗೆ ತೆಗೆದು ನೋಡಿದೆ ಮಗಳೇ. ಗಾಳಿ ಎಲ್ಲಾ ಪಕ್ಕದಿಂದ ಸೋರಿ ಹೋಗುತ್ತೆ. ಹಲ್ಲಿದ್ದಾಗ ಗುರುತಿಲ್ಲದವರಿಗೆಲ್ಲ ಊದಿದೆ. ನಮ್ಮೋರು ಹೋಗೋ ಹೊತ್ತಿಗೆ ಹಲ್ಲಿಲ್ಲ.”

“ಬಿಡಿ ಮಾಮ. ಅಮ್ಮಂಗೆ ಆ ಸದ್ದು ಕಂಡ್ರೆ ಆಗ್ತಿರ್ಲಿಲ್ಲ.”

“ಗೊತ್ತು. ‘ನಿನ್ನ ಊದುಬುರುಡೆ ನಿಲ್ಸು, ಮಗು ಮಲಗಿದೆ’ ಅಂತ ಒಂದ್ಸಲ ಕಮಿಷನರ್ ಎದುರಿಗೇ ಬೈದಿದ್ಳು.” ಅವನು ನಗಲು ಹೋಗಿ, ನಗದೆ, ದನಿ ತಗ್ಗಿಸಿದ. “ನಿಂಗೆ ಗೊತ್ತಾಯ್ತಾ? ನಿನ್ನೆ ಮಧ್ಯಾಹ್ನ ಕ್ವಾರ್ಟರ್ಸ್‌ನಲ್ಲಿ ಇನ್ನೊಂದು ಆಗಿದೆ. ಠಾಣೇಲಿ ಬರೆಯೋ ಕೆಲಸದಲ್ಲಿದ್ದ ಕಾನ್‌ಸ್ಟೇಬಲ್ಲು. ರಜ ಕೇಳಿದ್ನಂತೆ, ಕೊಡ್ಲಿಲ್ವಂತೆ. ಅವನೇ ಜೀವ ಕಳ್ಕೊಂಡ. ಹೆಣ ಇನ್ನೂ ಆಸ್ಪತ್ರೇಲಿದೆ. ನಾಲ್ಕು ವರ್ಷದ ಹೆಣ್ಣುಮಗು. ಅಪ್ಪ ಡ್ಯೂಟಿಗೆ ಹೋಗಿದಾರೆ ಅಂದಿದಾರೆ, ಅದು ಕಿಟಕೀಲಿ ನಿಂತು ಕಾಯ್ತಾ ಇದೆ. ಮೂಲೆ ಮನೆ, ನಾವು ಹೋಗೋ ದಾರೀಲೇ.”

“ಯಾರು ಹೋಗಿದಾರೆ ಅವರ ಹತ್ರ?”

“ಯಾರು ಹೋಗ್ತಾರೆ? ಹೋಗೋವ್ಳು ಇಲ್ಲಿ ಮಲಗಿದಾಳೆ.”

ಸ್ಟೂಲಿನ ಮೇಲಿದ್ದವರಿಗೆ ಇಂಥ ಮಾತು ಚೆನ್ನಾಗಿ ಕೇಳಿಸುತ್ತದೆ. “ಅದು ನಮ್ಮ ಪಟ್ಟಿಗೆ ಬರೋದಿಲ್ಲ,” ಎಂದರು ಅಧ್ಯಕ್ಷರು, ಗಂಟು ಬಿಗಿಯುತ್ತಲೇ. “ಕರ್ತವ್ಯದಲ್ಲಿ ಮಡಿದವರು ಬೇರೆ, ಕರ್ತವ್ಯಕ್ಕೆ ಹೆದರಿ ಹೋದವರು ಬೇರೆ. ಇವತ್ತಿನ ದಿನ ಅಂಥವರ ಮಾತು ಬೇಡ.”

ಅಮ್ಮ ಇದ್ದಿದ್ದರೆ ಏನು ಅನ್ನುತ್ತಿದ್ದಳೆಂದು ಮಗಳಿಗೆ ಗೊತ್ತಿತ್ತು. ಆದರೆ ಅವಳು ಅಮ್ಮನಲ್ಲ. ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣಿಗೆ ಗಾಜು ಹೊಂದಿಸಿ ಕೊಡುವವಳು, ಅಷ್ಟೇ.

*

ಮೂವತ್ತು ವರ್ಷದ ಹಿಂದೆ ಅವಳ ಅಪ್ಪ ಸತ್ತದ್ದು ಠಾಣೆಯ ಬೆಂಚಿನ ಮೇಲೆ. ಎಡೆಬಿಡದೆ ಒಂದೂವರೆ ದಿನ ನಾಲ್ಕು ರಸ್ತೆ ಕೂಡುವಲ್ಲಿ ನಿಂತು ಬಂದು, ಬೆಂಚಿನ ಮೇಲೆ ಕೂತು, ಒಂದು ಬೂಟು ಬಿಚ್ಚಿದ್ದ. ಇನ್ನೊಂದನ್ನು ಬಿಚ್ಚುವ ಮೊದಲೇ ಪ್ರಾಣ ಹೋಗಿತ್ತು. ಡ್ಯೂಟಿ ಮುಗಿದ ಮೇಲೆ ಸತ್ತ ಎಂದು ಬರೆಯುವುದಕ್ಕೆ ಇಲಾಖೆಗೆ ಆ ಒಂದು ಬಿಚ್ಚಿದ ಬೂಟು ಸಾಕಾಯಿತು. ಪಟ್ಟಿಗೆ ಅವನ ಹೆಸರು ಬರಲಿಲ್ಲ.

ಬಂದವರೆಲ್ಲ ಸಮಾಧಾನ ಮಾಡ್ಕೊಳ್ಳಿ, ಸಮಾಧಾನ ಮಾಡ್ಕೊಳ್ಳಿ ಎಂದರು. ಸಮಾಧಾನವನ್ನು ಎಲ್ಲಿಂದ ತಂದು ಮಾಡಿಕೊಳ್ಳಬೇಕೆಂದು ಒಬ್ಬನೂ ಹೇಳಲಿಲ್ಲ. ಟೀ ಕುಡಿದು ಹೋದರು. ಎಂಟನೆಯ ದಿನ ಮನೆ ಖಾಲಿಯಾಗಿದ್ದಾಗ ಬಾಗಿಲು ತಟ್ಟಿದ ಸದ್ದಾಯಿತು. ಇಸ್ತ್ರಿ ಅಂಗಡಿಯವನು. ಹೊಸದಾಗಿ ಅಂಗಡಿ ಹಾಕಿದವನು, ಹೆಂಡತಿಯ ತವರಿಗೆ ಹೋಗಿ ಅಂದೇ ಬಂದಿದ್ದ.

“ಅಕ್ಕಾ, ಸಾರ್ ಡ್ರೆಸ್ಸು. ಲೇಟಾಯ್ತು, ಬೈಬೇಡಿ ಅಂತ ಹೇಳಿ ಸಾರ್‌ಗೆ.”

ಅಮ್ಮನ ಕೈ ಅದನ್ನು ತೆಗೆದುಕೊಂಡಿತು. ವರ್ಷಗಟ್ಟಲೆ ಮಾಡಿದ ಅಭ್ಯಾಸದಂತೆ ಬಾಗಿಲ ಹಿಂದಿನ ಮೊಳೆಗೆ ತೂಗು ಹಾಕಿತು. ಅವಳು ಅಡುಗೆಮನೆಗೆ ಹೋಗಿ ಸುಮ್ಮನೆ ನಿಂತಳು. ಅಷ್ಟರಲ್ಲಿ ಆರು ವರ್ಷದ ಮಗಳು ಶಾಲೆಯಿಂದ ಬಂದು ಬಾಗಿಲು ನೂಕಿದಳು.

“ಅಪ್ಪ ಬಂದ್ರು! ಅಮ್ಮಾ, ಅಪ್ಪ ಬಂದ್ರು!”

ಮಗು ಬಚ್ಚಲಿಗೆ ಓಡಿತು. ಮಂಚದ ಕೆಳಗೆ ಬಗ್ಗಿ ನೋಡಿತು. ಹಿತ್ತಲ ಬಾಗಿಲು ತೆರೆದು ನೋಡಿತು. ಇದ್ದದ್ದು ಎರಡೇ ಕೋಣೆ, ಅದಕ್ಕೇ ಎರಡೆರಡು ಸಲ ಹುಡುಕಿತು. ಹೆಣ ಎತ್ತಿದ ದಿನ ಒಂದು ಹನಿ ಕಣ್ಣೀರು ಹಾಕದ ಮಗು ಅವತ್ತು ಬಟ್ಟೆಯ ತೋಳು ಹಿಡಿದುಕೊಂಡು, ಉಸಿರು ಕಟ್ಟುವವರೆಗೆ ಅತ್ತಿತು.

ಮುಂದಿನ ತಿಂಗಳು ಕ್ವಾರ್ಟರ್ಸ್‌ನಲ್ಲಿ ಇನ್ನೊಬ್ಬ ಪೊಲೀಸ್ ಸತ್ತಾಗ ಅವಳು ಸಾವಿನ ಮನೆಗೆ ಹೋಗಲಿಲ್ಲ. ನೆಟ್ಟಗೆ ಇಸ್ತ್ರಿ ಅಂಗಡಿಗೆ ಹೋದಳು. “ಅವರದ್ದು ಏನಿದೆ, ಕೊಡು,” ಎಂದಳು. ಅಲ್ಲಿಂದಾಚೆಗೆ ಅದೇ ಅವಳ ಕ್ರಮ. ಮೊದಲು ಇಸ್ತ್ರಿ ಅಂಗಡಿ, ಆಮೇಲೆ ಮನೆ. ಮನೆಗೆ ಹೋಗಿ ಹಗ್ಗದ ಮೇಲೆ ಒಣಗುತ್ತಿರುವ ಸತ್ತವನ ಬಟ್ಟೆ ಎತ್ತಿಡುವಳು, ಬಾಗಿಲ ಹತ್ತಿರದ ಬೂಟುಗಳನ್ನು ಸರಿಸುವಳು, ಪಾತ್ರೆ ತೊಳೆಯುವಳು. ಸಮಾಧಾನ ಎಂಬ ಪದವನ್ನು ಬಾಯಿ ತಪ್ಪಿಯೂ ಆಡಳು.

*

ಹತ್ತೂವರೆಗೆ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು ಜೇಬಿನಿಂದ ಕಾಗದ ತೆಗೆದರು. ಸಂಘದ ಅಚ್ಚಾದ ಸಾಂತ್ವನ ಪತ್ರ. ಹೆಸರಿನ ಜಾಗ ಖಾಲಿ ಬಿಟ್ಟ ಐನೂರು ಪ್ರತಿಗಳನ್ನು ಒಮ್ಮೆಗೇ ಅಚ್ಚು ಹಾಕಿಸಿದ್ದರು. ಅಷ್ಟು ಜನ ಸಾಯುತ್ತಾರೆಂಬ ಭರವಸೆ ಅವರಿಗೆ.

“ಸೋದರಿ,” ಎಂದು ಮಗಳತ್ತ ತಿರುಗಿ ಓದತೊಡಗಿದರು, “ಕರ್ತವ್ಯದ ಕರೆಗೆ ಓಗೊಟ್ಟು ನಮ್ಮನ್ನಗಲಿದ ನಿಮ್ಮ ಪತಿಯ ತ್ಯಾಗ ಚಿರಸ್ಮರಣೀಯ. ಇನ್ನು ಮುಂದೆ ನೀವು ಒಂಟಿಯಲ್ಲ. ನಿಮ್ಮ ಪತಿಯ ಸ್ಥಾನದಲ್ಲಿ ಸಂಘ ನಿಲ್ಲಲಿದೆ.”

ಆ ಪತಿ ಬ್ಯಾನರಿನ ಬಲತುದಿ ಹಿಡಿದು ಅಲ್ಲೇ ನಿಂತಿದ್ದ. ಅವನು ಒಮ್ಮೆ ಕೆಮ್ಮಿದ.

“ಅಳಿಯಂದಿರೇ,” ಎಂದ ಕಹಳೆ ಮಾಮ, “ಯಾವುದಕ್ಕೂ ನಾಡಿ ಹಿಡಿದು ನೋಡ್ಕೊಂಡ್ಬಿಡಿ.”

ಹಿಂದಿನ ಸಾಲಿನಲ್ಲಿ ಯಾರೋ ನಕ್ಕು, ಅದನ್ನು ಅಳುವಾಗಿ ತಿರುಗಿಸಲು ನೋಡಿದರು. ಅಧ್ಯಕ್ಷರು ತಲೆಯೆತ್ತಲಿಲ್ಲ. ಓದಿದ್ದು ಏನೆಂದು ಅವರು ಯಾವತ್ತೂ ಕೇಳಿಸಿಕೊಂಡವರಲ್ಲ. ಪತಿಯ ಶೌರ್ಯದ ಮೇಲೆ ಇನ್ನೂ ಎರಡು ಪ್ಯಾರಾ ಓದಿ, ಕಾಗದವನ್ನು ಮಗಳ ಕೈಗಿಟ್ಟು, ಕ್ಯಾಮೆರಾದವನು ಆಯಿತು ಎನ್ನುವವರೆಗೆ ಕೈ ಬಿಡಲಿಲ್ಲ.

ಮಗಳು ಆ ಕಾಗದವನ್ನು ಮುದ್ದೆ ಮಾಡುತ್ತಾ ಒಳಕೋಣೆಗೆ ಹೋದಾಗ ಹಿತ್ತಲ ಬಾಗಿಲಲ್ಲಿ ಇಸ್ತ್ರಿಯವನು ನಿಂತಿದ್ದ. ತಲೆ ಪೂರಾ ಬೆಳ್ಳಗಾಗಿತ್ತು. ಕೈಯಲ್ಲಿ ಹ್ಯಾಂಗರು, ಹ್ಯಾಂಗರಿನಲ್ಲಿ ಗರಿಗರಿಯಾದ ಪೊಲೀಸ್ ಶರ್ಟು, ಪ್ಯಾಂಟು.

“ನಿನ್ನೆ ಹೋದ್ನಲ್ಲಮ್ಮ, ಮೂಲೆ ಮನೆಯೋನು, ಅವನದ್ದು,” ಎಂದ. “ನಿನ್ನೆಯಿಂದ ಅಕ್ಕ ಬರ್ತಾರೆ ಬರ್ತಾರೆ ಅಂತ ಕಾದೆ. ಬೆಳಿಗ್ಗೆ ನೋಡಿದ್ರೆ ಅಕ್ಕನೇ ಇಲ್ಲ ಅಂದ್ರು. ಅಂಗಡೀಲಿ ಸುಮ್ನೆ ನೇತಾಡ್ತಿತ್ತು, ನೋಡೋಕಾಗ್ಲಿಲ್ಲ, ಇನ್ನೊಂದ್ಸಲ ಇಸ್ತ್ರಿ ಹಾಕಿದೆ. ಯಾರಿಗೆ ಕೊಡ್ಲಿ?”

“ನನ್ನನ್ನ ಕೇಳಿದ್ರೆ?”

“ಅವನ ಮನೆಗೆ ತಗೊಂಡ್ಹೋಗೋ ಧೈರ್ಯ ನಂಗಿಲ್ಲಮ್ಮ. ಒಂದ್ಸಲ ಹಾಗೆ ಮಾಡಿದೀನಿ. ನಿಮಗೆ ನೆನಪಿದ್ಯೋ ಇಲ್ವೋ.”

ನೆನಪಿಲ್ಲದೆ ಏನು? ಆದರೆ ಮೂವತ್ತು ವರ್ಷದ ಸಿಟ್ಟು ಈ ಬಡಪಾಯಿಯ ಮೇಲೆ ತಿರುಗಿತು. “ನಮ್ಮನೇಲೂ ಸಾವಾಗಿದೆ, ಕಾಣ್ಸಲ್ವಾ? ಅಮ್ಮನ ಜೊತೆಗೆ ಆ ಕೆಲ್ಸಾನೂ ಮುಗೀತು. ಎಲ್ಲಾದ್ರೂ ಇಟ್ಟು ಹೋಗಿ.”

ಅವನು ಸುತ್ತ ನೋಡಿದ. ಪಾಪ, ಅವನಿಗೆ ಗೊತ್ತಿದ್ದದ್ದು ಒಂದೇ ಜಾಗ. ಮುಂಬಾಗಿಲ ಹಿಂದಿನ ಮೊಳೆಗೆ ತೂಗು ಹಾಕಿ, ಪ್ಯಾಂಟಿನ ಗೆರೆಯನ್ನು ಎರಡು ಬೆರಳಿನಿಂದ ನೇರ ಮಾಡಿ, ಹೊರಟುಹೋದ.

*

ಆ ಮನೆಯಲ್ಲಿ ಒಂದು ಬೀರು ಇತ್ತು. ಮಗಳು ಬೆಳೆದದ್ದು ಅದರ ಪಕ್ಕದಲ್ಲೇ ಮಲಗಿ. ಅವಳ ಗೆಳತಿಯರ ಮನೆಯ ಬೀರುಗಳಲ್ಲಿ ಅವರವರ ಬಟ್ಟೆ ಇರುತ್ತಿತ್ತು. ಇವರ ಬೀರುವಿನಲ್ಲಿ ಸತ್ತವರ ಸಮವಸ್ತ್ರ. ಯಾರೂ ಕೇಳಿಕೊಂಡು ಬರದೆ ಉಳಿದವು, ಒಂದರ ಪಕ್ಕ ಒಂದು, ಏಳು ಜೊತೆ.

“ಕೊಟ್ಬಿಡಮ್ಮ ಅವರವರಿಗೆ,” ಎಂದು ಮಗಳು ಜಗಳಕ್ಕೆ ನಿಲ್ಲುತ್ತಿದ್ದಳು.

“ಕೇಳೋವರೆಗೂ ಕೊಡ್ಬಾರ್ದು. ಕೇಳಿದ್ರೆ ಒಂದು ನಿಮಿಷ ತಡ ಮಾಡ್ಬಾರ್ದು.”

“ಯಾರೂ ಕೇಳದೇ ಇದ್ರೆ?”

“ಇರುತ್ತೆ. ನಿಂಗೇನು ಅನ್ನ ಹಾಕು ಅನ್ನುತ್ತಾ?”

ಗಂಡ ಸತ್ತು ಹನ್ನೊಂದು ವರ್ಷ ಬಿಟ್ಟು ಒಬ್ಬಳು ಬಂದು ಕೇಳಿದ್ದುಂಟು. ಬಾಗಿಲಲ್ಲೇ ನಿಂತು, “ಅವರದ್ದು ಇದೆಯಾ ಅಕ್ಕ?” ಅಂದಳು. ಅಮ್ಮ ಕೈಯಲ್ಲಿದ್ದ ಸೌಟು ಇಟ್ಟು, ಬೀರು ತೆಗೆದು ಕೊಟ್ಟಳು. ಬಂದವಳು ಅದನ್ನು ಎದೆಗೊತ್ತಿಕೊಂಡು ಹೋದಳು. ಇಬ್ಬರೂ ಅಳಲಿಲ್ಲ. ಮಗಳಿಗೆ ಅವತ್ತು ಬಂದದ್ದು ಹೊಟ್ಟೆಕಿಚ್ಚು: ಅಮ್ಮನ ನೆನಪಿನ ಶಕ್ತಿ, ತಾಳ್ಮೆ, ಎಲ್ಲವೂ ಊರವರ ಪಾಲು, ಮಗಳ ಪರೀಕ್ಷೆಯ ದಿನ ಮಾತ್ರ ಅವಳಿಗೆ ನೆನಪಿರುವುದಿಲ್ಲ.

ಸಂಘದಲ್ಲಿಯೂ ಅಮ್ಮ ಎಲ್ಲರ ಕಣ್ಣಿಗೆ ಬಿದ್ದ ಕಸ. ಪಟ್ಟಿಯಲ್ಲಿದ್ದವರ ಮನೆಗೆ ಮಾತ್ರ ಹೋಗಬೇಕೆಂಬ ನಿಯಮವನ್ನು ಅಧ್ಯಕ್ಷರು ಸಭೆಯಲ್ಲಿ ಓದಿದಾಗ ಎದ್ದು ನಿಂತಿದ್ದಳಂತೆ. ಕಾಯಿಲೆ ಬಿದ್ದು ಸತ್ತವನು, ಕುಡಿದು ಸತ್ತವನು, ತಾನೇ ಸತ್ತವನು, ಇವರೆಲ್ಲ ಪಟ್ಟಿಗೆ ಬರುವುದಿಲ್ಲ ಎಂದರು ಅಧ್ಯಕ್ಷರು.

“ಇಸ್ತ್ರಿ ಅಂಗಡಿಯವನ ಹತ್ರ ಪಟ್ಟಿ ಇಲ್ಲ ಸಾರ್,” ಎಂದಳಂತೆ ಅಮ್ಮ. “ಅವನು ಎಲ್ಲಾರ ಬಾಗಿಲೂ ತಟ್ತಾನೆ.”

ಅಧ್ಯಕ್ಷರು ಕಣ್ಣು ಕಣ್ಣು ಬಿಟ್ಟರು. ಹಾಗಂದರೆ ಏನೆಂದು ಅವರಿಗೆ ಇವತ್ತಿಗೂ ಅರ್ಥವಾಗಿಲ್ಲ. ಆಗುವುದೂ ಇಲ್ಲ.

*

ಪೆಟ್ಟಿಗೆಯನ್ನು ವಾಹನಕ್ಕೆ ಏರಿಸಿದ್ದಾಯಿತು. ಮಗಳು ಕೊನೆಯವಳಾಗಿ ಹೊರಬಂದು ಬೀಗ ಹಾಕಲು ಬಾಗಿಲು ಎಳೆದಾಗ ಮೊಳೆಯ ಕಡೆ ಕಣ್ಣು ಹೋಯಿತು. ಅದು ಖಾಲಿಯಾಗಿತ್ತು.

ರಸ್ತೆಗೆ ಬಂದು ನೋಡಿದರೆ ಸಮವಸ್ತ್ರ ಶವವಾಹನದ ಮೂತಿಗೆ ಏರಿತ್ತು. ಹ್ಯಾಂಗರಿನ ಕೊಕ್ಕೆಯನ್ನು ಹೂಚಕ್ರದ ತಂತಿಯಿಂದ ಭದ್ರವಾಗಿ ಕಟ್ಟಿ, ಅಧ್ಯಕ್ಷರು ತೋಳುಗಳನ್ನು ಆಚೀಚೆ ಹರವಿ, ಎರಡು ಹೆಜ್ಜೆ ಹಿಂದೆ ಸರಿದು, ಹೊಟ್ಟೆ ಒಳಗೆಳೆದು ಅದಕ್ಕೊಂದು ಸೆಲ್ಯೂಟ್ ಹೊಡೆದಿದ್ದರು. ಕ್ಯಾಮೆರಾದವನು ಇನ್ನೊಂದ್ಸಲ ಅಂದಿದ್ದಕ್ಕೆ ಇನ್ನೊಂದ್ಸಲವೂ ಹೊಡೆದರು.

“ಬನ್ನಿ ಅಮ್ಮ, ಬನ್ನಿ,” ಎಂದರು ಮಗಳನ್ನು ಕಂಡು, ಗದ್ಗದ ಕಂಠದಲ್ಲಿ. “ಬಾಗಿಲ ಹಿಂದೆ ಸಿಕ್ತು. ನಿಮ್ಮ ತಂದೆಯವರ ಸಮವಸ್ತ್ರಾನ ಮೂವತ್ತು ವರ್ಷ ಇಸ್ತ್ರಿ ಮಾಡಿಸಿ ಇಟ್ಕೊಂಡಿದ್ರಲ್ಲಾ ನಿಮ್ಮ ತಾಯಿ! ಅದಕ್ಕೇ ಇಸ್ತ್ರಿಯಕ್ಕ ಅಂತಿದ್ರು ಅಂತ ನನಗೆ ಈಗ ಹೊಳೀತು. ಮೆರವಣಿಗೆ ಮುಂದೆ ಇದೇ ಇರಬೇಕು. ಕ್ವಾರ್ಟರ್ಸ್ ಮುಂದೆ ನಿಧಾನ ಹೋಗೋಕೆ ಡ್ರೈವರ್‌ಗೆ ಹೇಳಿದೀನಿ. ಎಲ್ಲರೂ ಕಣ್ತುಂಬ ನೋಡ್ಲಿ.”

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ಎಷ್ಟೋ ಜನ ಇದ್ದಾರೆ. ಇವರು ಕಟ್ಟಿ, ಹೂವು ಹಾಕಿ, ಫೋಟೋ ತೆಗೆಸಿಕೊಳ್ಳುವ ಜಾತಿ.

ಡ್ರೈವರು ಎಂಜಿನ್ ಚಾಲೂ ಮಾಡಿದ. ಮಗಳು ರಸ್ತೆಯ ಉದ್ದಕ್ಕೆ ನೋಡಿದಳು. ಇನ್ನೂರು ಹೆಜ್ಜೆ ದೂರದಲ್ಲಿ ಮೂಲೆ ಮನೆ. ಕಿಟಕಿಯಲ್ಲಿ ಒಂದು ಪುಟ್ಟ ತಲೆ, ಸರಳು ಹಿಡಿದ ಎರಡು ಕೈ. ಗಾಳಿಗೆ ಶರ್ಟಿನ ಎದೆ ಉಬ್ಬಿ, ತೋಳುಗಳು ನಡೆಯುವವನ ತೋಳುಗಳಂತೆ ಹಿಂದೆ ಮುಂದೆ ಆಡುತ್ತಿದ್ದವು. ದೂರದಿಂದ ನೋಡಿದರೆ ಅದರೊಳಗೆ ಒಬ್ಬನಿದ್ದಾನೆಂದೇ ಅನ್ನಿಸುವ ಹಾಗೆ.

ಎಲ್ಲಾದ್ರೂ ಇಟ್ಟು ಹೋಗಿ ಅಂದದ್ದು ತಾನೇ. ಅವಳು ವಾಹನದ ಮುಂದೆ ಹೋಗಿ ನಿಂತು, ಶರ್ಟಿನ ಮೇಲಿನ ಗುಂಡಿ ಬಿಚ್ಚಿದಳು.

“ಏನ್ ಮಾಡ್ತಿದೀರಿ?” ಅಧ್ಯಕ್ಷರು ಓಡಿಬಂದರು. “ನಿಮ್ಮ ತಂದೆಯವರದ್ದು...”

“ನಮ್ಮಪ್ಪಂದಲ್ಲ ಇದು.”

“ಮತ್ಯಾರದ್ದು?”

“ನಿಮ್ಮ ಪಟ್ಟಿಗೆ ಬರದೇ ಇರೋವ್ನದ್ದು. ನಿನ್ನೆ ಹೋದೋನು. ನೀವು ಈಗ ಎರಡು ಸಲ ಸೆಲ್ಯೂಟ್ ಹೊಡೆದಿದ್ದು ಅವನಿಗೆ.”

ಅಧ್ಯಕ್ಷರು ಸೆಲ್ಯೂಟ್ ಹೊಡೆದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಪ್ಯಾಂಟಿಗೆ ಒರೆಸಿಕೊಂಡರು. “ಸಾರ್,” ಎಂದ ಕ್ಯಾಮೆರಾದವನು ಮೆಲ್ಲಗೆ, “ಆ ಫೋಟೋ ಇಟ್ಕೊಳ್ಳೋದಾ, ಅಳಿಸೋದಾ?”

“ಇಟ್ಕೋ ಮಾರಾಯ,” ಎಂದ ಕಹಳೆ ಮಾಮ. “ಅವರು ಜೀವನದಲ್ಲಿ ಮಾಡಿದ ಒಂದೇ ಒಂದು ಸರಿಯಾದ ಕೆಲಸ ಅದು.”

ಮಗಳು ಉಳಿದ ಗುಂಡಿಗಳನ್ನು ಬಿಚ್ಚಿದಳು. ಹ್ಯಾಂಗರನ್ನು ತಂತಿ ಬಿಡಲಿಲ್ಲ. ಅದು ಹಾಳಾಗಿ ಹೋಗಲೆಂದು ಬಿಟ್ಟು, ಶರ್ಟು ಪ್ಯಾಂಟು ಎರಡನ್ನೂ ಒಳಮಗ್ಗುಲು ಹೊರಗೆ ಬರುವಂತೆ ಮಡಚಿದಳು. ಅಮ್ಮ ಮಡಚುತ್ತಿದ್ದದ್ದು ಹಾಗೆಯೇ. ಯಾರೂ ಹೇಳಿಕೊಟ್ಟಿರಲಿಲ್ಲ, ಬೀರುವಿನ ಪಕ್ಕ ಮಲಗಿ ನೋಡಿದ್ದೇ ಸಾಕಾಗಿತ್ತು. ಅದನ್ನು ಸ್ವೆಟರಿನೊಳಗೆ, ಹೊಟ್ಟೆಗೆ ಒತ್ತಿ ಇಟ್ಟುಕೊಂಡು ಡ್ರೈವರಿನ ಪಕ್ಕ ಹತ್ತಿ ಕೂತಳು. ಇಸ್ತ್ರಿಯ ಶಾಖ ಆರಿ ತಾಸಾಗಿತ್ತು. ಆದರೂ ಅವಳಿಗೆ ಬೆಚ್ಚಗೆನಿಸಿತು.

“ಮಾಮ,” ಎಂದಳು ಕಿಟಕಿಯಿಂದ ತಲೆ ಹೊರಹಾಕಿ, “ಅಮ್ಮನ್ನ ಕಳಿಸಿ ಬಂದ್ಮೇಲೆ ನಾನು ಆ ಮನೆಗೆ ಹೋಗ್ತೀನಿ. ನೀವೀಗಲೇ ಹಿಂದಿನ ಬೀದಿಯಿಂದ ಹೋಗಿ ನೋಡಿ, ಹಗ್ಗದ ಮೇಲೆ ಅವನದ್ದೇನಾದ್ರೂ ಒಣಗ್ತಿದ್ಯಾ ಅಂತ.”

ಕಹಳೆ ಮಾಮ ತಲೆಯಾಡಿಸಿ, ಕುಂಟುತ್ತ ಅತ್ತ ಹೊರಟ.

ವಾಹನ ಹೊರಟಿತು. ಡ್ರೈವರು ಹೇಳಿದ ಮಾತಿಗೆ ತಪ್ಪದವನು. ಕ್ವಾರ್ಟರ್ಸ್ ಮುಂದೆ ಬರುತ್ತಲೇ ವೇಗ ಇಳಿಸಿದ. ಮೂಲೆ ಮನೆಯ ಕಿಟಕಿಯಲ್ಲಿ ಮಗು ಸರಳಿಗೆ ಮೂಗು ಒತ್ತಿ ನಿಂತಿತ್ತು. ವಾಹನದ ಮೂತಿಯಲ್ಲಿ ಖಾಲಿ ಹ್ಯಾಂಗರು ಅತ್ತಿತ್ತ ತೂಗುತ್ತಿತ್ತು. ಮಗು ಅದನ್ನು ಒಂದು ಗಳಿಗೆ ನೋಡಿತು. ಆಮೇಲೆ ಅದನ್ನು ದಾಟಿ, ಅಪ್ಪ ಡ್ಯೂಟಿ ಮುಗಿಸಿ ಬರುವ ರಸ್ತೆಯ ತುದಿಯತ್ತ ಮತ್ತೆ ಕಣ್ಣು ನೆಟ್ಟಿತು.